ಝಯಾಲಿ ಎಂದರೆ ಮುಂಜಾವಿನ ಮೊದಲ ಬೆಳಕು

ಡೊಂಬಿವಲಿ ಪೂರ್ವದಲ್ಲಿ 2005ರಿಂದೀಚೆಗೆ ಹುಟ್ಟಿದ ಕನ್ನಡದ ಮಕ್ಕಳ ಪೈಕಿ ಯಾರದಾದರೂ ಹೆಸರು ಹೇಳಲು ಹೋಗಿ ನಿಮ್ಮ ನಾಲಿಗೆ ಎಡವಿದರೆ, ಅದು ಪುಂಡರೀಕಾಕ್ಷರ ಕೈವಾಡವೆಂದು ಕಣ್ಣು ಮುಚ್ಚಿ ಹೇಳಬಹುದು. ಠವೀಶ, ಣಮಿತ್, ಛಿಯಾಂಕ್, ಘೃಹಾನ್. ಗಾಬರಿಯಾಗಬೇಡಿ, ಇವು ರೋಗಗಳಲ್ಲ. ಒಳ್ಳೆಯ ಮನೆಗಳ, ಗುಂಡುಗುಂಡಾದ, ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು. ಪ್ರತಿ ಹೆಸರಿಗೂ ಒಂದೊಂದು 'ಸಂಸ್ಕೃತ ಅರ್ಥ'ವಿದೆ. ಶಂಖಚಕ್ರದ ಅಂಚು ಬಿಡಿಸಿದ ಕಾಗದದಲ್ಲಿ ಅದನ್ನು ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಪುಂಡರೀಕಾಕ್ಷರೇ ಕೊಟ್ಟಿದ್ದಾರೆ. ಅವರವರ ಮನೆಯ ಶೋಕೇಸಿನಲ್ಲಿ, ಟಿವಿಯ ಪಕ್ಕ, ಈಗಲೂ ನಿಂತಿದೆ.

ಪುಂಡರೀಕಾಕ್ಷರು ಉಡುಪಿ ಕಡೆಯವರು. ಹೈಸ್ಕೂಲಿನಲ್ಲಿ ಮೂರು ವರ್ಷ ಸಂಸ್ಕೃತ ಓದಿದ್ದರು. ಓದಿದ್ದರು ಎನ್ನುವುದು ದೊಡ್ಡ ಮಾತು, ಆ ತರಗತಿಯಲ್ಲಿ ಕೂತಿದ್ದರು. ಹತ್ತನೆಯ ತರಗತಿಯಲ್ಲಿ ನೂರಕ್ಕೆ ಮೂವತ್ತೆಂಟು ಬಂತು, ಅದರಲ್ಲಿ ಮೂರು ಅಂಕ ಮೇಷ್ಟರ ಕರುಣೆ. ಆಮೇಲೆ ಮುಂಬಯಿಗೆ ಬಂದು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತುಕೊಂಡೇ ಕಾಲೇಜು ಮುಗಿಸಿ, ಬೇಲಾಪುರದ ಒಂದು ಸರಕಾರಿ ಕಚೇರಿಯ ದಾಖಲೆ ಕೋಣೆಗೆ ಗುಮಾಸ್ತರಾಗಿ ಸೇರಿದರು. ಅವರ ಐದಕ್ಷರದ ಹೆಸರನ್ನು ಪೂರ್ತಿ ಹೇಳುವಷ್ಟು ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. "ಪುಂಡಲೀಕ್, ತೀ ಫೈಲ್ ಆಣ್ ರೇ" ಎಂದು ನಿನ್ನೆ ಮೊನ್ನೆ ಬಂದ ಸಾಹೇಬರೂ ಫೈಲು ತರಲು ಏಕವಚನದಲ್ಲಿ ಕೂಗುತ್ತಿದ್ದರು. ಪುಂಡಲೀಕನಾಗಿಯೇ ಅವರು ಇಪ್ಪತ್ತೆಂಟು ವರ್ಷ ಫೈಲು ಹೊತ್ತರು.

ಅದೇ ಮನುಷ್ಯ ಸಂಜೆ ಠಾಣೆಯಲ್ಲಿ ಗಾಡಿ ಬದಲಿಸಿ, ಡೊಂಬಿವಲಿಯಲ್ಲಿ ಇಳಿದು, ಮೆಟ್ಟಿಲು ಹತ್ತಿ ಪೂರ್ವದ ಕಡೆ ಹೊರಬಿದ್ದರೆ "ಪಂಡಿತರೇ, ನಮಸ್ಕಾರ" ಎಂದು ನಾಲ್ಕು ಕಡೆಯಿಂದ ಕೇಳಿಬರುತ್ತಿತ್ತು. ಹಗಲೆಲ್ಲ ಬಗ್ಗಿದ್ದ ಬೆನ್ನು ಅಲ್ಲಿಂದ ಮನೆಯವರೆಗೆ ನೆಟ್ಟಗಾಗುತ್ತಿತ್ತು. ಆ ಹತ್ತು ನಿಮಿಷದ ನಡಿಗೆಗಾಗಿ ಅವರು ಏನು ಬೇಕಾದರೂ ಮಾಡುತ್ತಿದ್ದರು. ಮಾಡಿದರು ಕೂಡ.

ಎಲ್ಲ ಶುರುವಾದದ್ದು ಜಯಶೀಲನಿಂದ. ಸ್ಟೇಷನ್ನಿನ ಹತ್ತಿರ ತಿಂಡಿ ಹೋಟೆಲು ಇಟ್ಟುಕೊಂಡಿದ್ದ ಜಯಶೀಲನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಉತ್ತರಾಭಾದ್ರೆ ನಕ್ಷತ್ರ, ಮೂರನೆಯ ಪಾದ. ಜಾತಕ ಬರೆದ ಭಟ್ಟರು "ಹೆಸರು ಝ ಅಕ್ಷರದಿಂದ ಶುರುವಾಗಬೇಕು" ಎಂದು ಹೇಳಿ ಕೈ ತೊಳೆದುಕೊಂಡರು. ಝ! ಜಯಶೀಲ ತಲೆ ಮೇಲೆ ಕೈ ಹೊತ್ತು ಕೂತ. ಅವನ ಹೆಂಡತಿ ಜಯಲತಾಳ ಬೇಡಿಕೆಗಳು ಬೇರೆ ಇದ್ದವು. ಗಂಡ ಹೆಂಡತಿ ಇಬ್ಬರ ಹೆಸರಿನ ಅಕ್ಷರವೂ ಬರಬೇಕು, ಕೇಳಲು ಹೊಸದಾಗಿರಬೇಕು, ಸಂಸ್ಕೃತದ್ದಾಗಿರಬೇಕು, ಬಿಲ್ಡಿಂಗಿನಲ್ಲಿ ಮತ್ತೊಬ್ಬರಿಗೆ ಇರಬಾರದು. ಸಂಸ್ಕೃತ ಓದಿದವನೆಂದು ರೈಲಿನಲ್ಲಿ ಹೇಳಿಕೊಂಡೇ ಪಂಡಿತರೆನಿಸಿಕೊಂಡಿದ್ದ ಪುಂಡರೀಕಾಕ್ಷರನ್ನು ಜಯಶೀಲ ಹಿಡಿದುಕೊಂಡ.

ಪುಂಡರೀಕಾಕ್ಷರು ಮರುದಿನ ಬೆಳಗ್ಗೆ ರೈಲು ದಿವಾ ಸ್ಟೇಷನ್ನು ದಾಟುವಷ್ಟರಲ್ಲಿ ಆ ಹೆಸರನ್ನು ಹೊಲಿದು ಮುಗಿಸಿದ್ದರು. ಝ ನಕ್ಷತ್ರದ್ದು, ಯ ಮತ್ತು ಲ ಇಬ್ಬರಿಗೂ ಸಮಪಾಲು, ಕೊನೆಯ ಇಕಾರ ಹೆಣ್ಣುಮಗುವೆಂದು. ಝಯಾಲಿ. ಸಂಜೆ ಹೋಟೆಲಿಗೆ ಹೋಗಿ ಹೇಳಿದರು. "ಅರ್ಥ ಎಂತ ಪಂಡಿತರೇ?" ಎಂದು ಜಯಶೀಲ ಕೇಳಿದ. ಅದನ್ನು ಯೋಚಿಸಿಯೇ ಇರಲಿಲ್ಲ, ಆದರೂ ಅವರ ಬಾಯಿಯೇ ಹೇಳಿತು: "ಮುಂಜಾವಿನ ಮೊದಲ ಬೆಳಕು. ಬಹಳ ಪ್ರಾಚೀನ ಶಬ್ದ, ಈಗ ಬಳಕೆಯಲ್ಲಿಲ್ಲ." ಜಯಶೀಲನ ಕಣ್ಣಲ್ಲಿ ನೀರು ಬಂತು. ಜಯಲತಾ ಕಾಲಿಗೆ ಬಿದ್ದಳು. ಕಚೇರಿಯಲ್ಲಿ ಒಬ್ಬರೂ ಒಂದು ಲೋಟ ನೀರು ಕೊಟ್ಟು ಮಾತಾಡಿಸದ ಮನುಷ್ಯನ ಕಾಲಿಗೆ ಒಬ್ಬಳು ಬಿದ್ದರೆ ಏನಾಗುತ್ತದೆ? ಅವರಿಗೆ ಅಮಲೇರಿತು, ಅಷ್ಟೇ.

ಅಲ್ಲಿಂದ ಅದೊಂದು ಕಸುಬೇ ಆಯಿತು. ಅವರ ಬತ್ತಳಿಕೆಯಲ್ಲಿ ಇದ್ದದ್ದು ಆರೇ ಅರ್ಥ: ಬೆಳಕು, ವಿಷ್ಣು, ಲಕ್ಷ್ಮಿ, ಗೆಲುವು, ಕೊನೆಯಿಲ್ಲದ್ದು, ಅಪರೂಪವಾದದ್ದು. ಗಂಡಾದರೆ ವಿಷ್ಣು, ಹೆಣ್ಣಾದರೆ ಲಕ್ಷ್ಮಿ, ಮನೆಯವರು ಸ್ವಲ್ಪ ಓದಿದವರಾದರೆ ಕೊನೆಯಿಲ್ಲದ್ದು. ಅತ್ತೆ ಸೊಸೆಗೆ ಜಗಳವಿದ್ದ ಮನೆಗೆ ಬೆಳಕು ಒಳ್ಳೆಯದು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಹಸ್ತಾ ನಕ್ಷತ್ರದಲ್ಲಿ ಹುಟ್ಟಿ ಠ, ಣ ಅಕ್ಷರಕ್ಕೆ ಸಿಕ್ಕಿಬಿದ್ದ ನತದೃಷ್ಟ ಮಕ್ಕಳ ತಂದೆತಾಯಿ ಕಲ್ಯಾಣದಿಂದ, ಅಂಬರನಾಥದಿಂದ ಹುಡುಕಿಕೊಂಡು ಬಂದರು. ರಬಾಳೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಮಹಾದೇವಪ್ಪ ಎಂಬವರು ಕಾರ್ಖಾನೆಗೇ ಹೆಸರು ಕೇಳಿದರು. 'ಪಾತ್ರಾಂಶು' ಎಂದು ಕೊಟ್ಟರು. ಅರ್ಥ, ಲಕ್ಷ್ಮಿ. ನಾಮಕರಣಗಳಲ್ಲಿ ತೊಟ್ಟಿಲ ಪಕ್ಕ ನಿಂತು ಮೈಕಿನಲ್ಲಿ ಹೆಸರಿನ ಅರ್ಥ ಓದುವ ಹೊಸ ಪದ್ಧತಿಯನ್ನೂ ಅವರೇ ತಂದರು. ಅದಕ್ಕೆ 'ಅರ್ಥವಾಚನ' ಎಂದು ಹೆಸರು. ಅದು ಮುಗಿಯುವವರೆಗೆ ಊಟಕ್ಕೆ ಎಲೆ ಹಾಕುವಂತಿರಲಿಲ್ಲ.

ಒಬ್ಬರಾದರೂ ಹಿಂತಿರುಗಿ ಕೇಳಲಿಲ್ಲ. ಇದನ್ನು ಕೊಂಚ ಖಾರವಾಗಿಯೇ ಹೇಳಬೇಕು. ಬದನೆಕಾಯಿ ಕೊಳ್ಳುವಾಗ ಹುಳ ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುವ ಜನ, ಜನ್ಮಪೂರ್ತಿ ಮಗು ಹೊತ್ತು ತಿರುಗಬೇಕಾದ ಹೆಸರನ್ನು ಒಮ್ಮೆಯೂ ನಿಘಂಟು ತೆರೆದು ನೋಡಲಿಲ್ಲ. ಸಂಸ್ಕೃತವೆಂದ ಮೇಲೆ ಕೈಮುಗಿಯಬೇಕು, ತಿರುಗಿಸಿ ನೋಡಬಾರದು ಎಂದು ಎಲ್ಲರೂ ತಮ್ಮೊಳಗೇ ತೀರ್ಮಾನಿಸಿಕೊಂಡಿದ್ದರು. ಪುಂಡರೀಕಾಕ್ಷರಿಗೆ ಇದು ಬಹಳ ಬೇಗ ತಿಳಿದುಹೋಗಿತ್ತು.

ನಿಜ ಗೊತ್ತಿದ್ದವರು ಒಬ್ಬರೇ, ಅವರ ಹೆಂಡತಿ ನಳಿನಾಕ್ಷಮ್ಮ. ಅವರ ತಂದೆ ಊರಿನ ಪಾಠಶಾಲೆಯಲ್ಲಿ ಗುರುಗಳು. ಹುಡುಗರಿಗೆ ಚಾವಡಿಯಲ್ಲಿ ಪಾಠ ನಡೆಯುವಾಗ ಒಳಗೆ ಅಕ್ಕಿ ಆರಿಸುತ್ತ ಕೂತ ಮಗಳಿಗೆ ಎಲ್ಲ ಬಾಯಿಪಾಠವಾಗಿತ್ತು. ನೀರಿಗೆ ಇಪ್ಪತ್ತೇಳು ಹೆಸರು ಹೇಳುತ್ತಿದ್ದರು, ಬೆಂಕಿಗೆ ಮೂವತ್ತನಾಲ್ಕು. ಡೊಂಬಿವಲಿಯಲ್ಲಿ ಅವರನ್ನು ಜನ ಕೇಳುತ್ತಿದ್ದದ್ದು ಒಂದೇ, ಪತ್ರೊಡೆಗೆ ಹುಳಿ ಎಷ್ಟು ಎಂದು.

"ಪಾತ್ರಾಂಶು ಅಂದ್ರೆ ಎಂತದು?" ಎಂದು ಅವರು ಒಮ್ಮೆ ದೋಸೆ ಮಗುಚುತ್ತ ಕೇಳಿದ್ದರು. "ಅಂಶು ಅಂದ್ರೆ ಕಿರಣ. ಬಕೆಟಿನ ಕಿರಣವಾ?"

"ನಿನ್ನ ಅಪ್ಪನ ಪಾಠ ಇಲ್ಲಿ ನಡಿಯುದಿಲ್ಲ ಮಾರಾಯ್ತಿ. ಜನರಿಗೆ ಖುಷಿ ಉಂಟಲ್ಲ?"

"ಉಂಟು. ನಿಮ್ಮ ಹೆಸರಿನ ಅರ್ಥವಾದ್ರೂ ಗೊತ್ತುಂಟಾ?"

ಪುಂಡರನ್ನು ಅಡಗಿಸುವವನು ಎಂದು ಅವರು ಅದುವರೆಗೆ ರೈಲಿನಲ್ಲಿ ಎಲ್ಲರಿಗೂ ಹೇಳುತ್ತ ಬಂದಿದ್ದರು. ಬಿಳಿ ತಾವರೆಯಂಥ ಕಣ್ಣಿನವನು ಎಂದು ಆ ದಿನ ತಿಳಿಯಿತು. ನಳಿನಾಕ್ಷಿಯ ಅರ್ಥವೂ ಹೆಚ್ಚುಕಡಿಮೆ ಅದೇ, ತಾವರೆಗಣ್ಣಿನವಳು. ಎರಡೂ ಹೆಸರು ಜೋಡಿಯಾಗುತ್ತವೆಂದು ಸಂತೋಷಪಟ್ಟೇ ಗುರುಗಳು ಈ ಸಂಬಂಧಕ್ಕೆ ಒಪ್ಪಿದ್ದರು. ದಪ್ಪ ಗಾಜಿನ ಕನ್ನಡಕ ಸರಿಮಾಡಿಕೊಂಡು ಅಳಿಯ ದೇವರು ಪೇಪರು ಓದಲು ಕೂತರು. ನಳಿನಾಕ್ಷಮ್ಮ ನಕ್ಕು ಮುಂದಿನ ದೋಸೆ ಹೊಯ್ದರು. ಆಕೆಗೆ ಇದೆಲ್ಲ ಗಂಡಸಿನ ಒಂದು ಆಟದಂತೆ ಕಂಡಿತ್ತು, ಇಸ್ಪೀಟಿಗಿಂತ ವಾಸಿ.

2008ರಲ್ಲಿ ಅಲ್ಲಿನ ಕನ್ನಡ ಸಂಘದವರು ತಮ್ಮ ಸ್ಮರಣ ಸಂಚಿಕೆಯ ಕೊನೆಗೆ ಪುಂಡರೀಕಾಕ್ಷರ ಮುನ್ನೂರ ಹನ್ನೆರಡು ಹೆಸರುಗಳನ್ನು ಅರ್ಥಸಹಿತ ಅಚ್ಚು ಹಾಕಿದರು. ಯಾರೋ ಪುಣ್ಯಾತ್ಮರು ಅದನ್ನು ಇಂಗ್ಲಿಷಿಗೆ ಮಾಡಿ ಇಂಟರ್ನೆಟ್ಟಿಗೆ ಏರಿಸಿದರು. ಅಲ್ಲಿಂದ ಮತ್ತೊಬ್ಬರು ಎತ್ತಿದರು, ಅವರಿಂದ ಇನ್ನೊಬ್ಬರು. 2012ರಲ್ಲಿ ಸಂಘ ಶಾಲು ಹೊದಿಸಿ, ಬೆಳ್ಳಿಯ ತಟ್ಟೆ ಕೊಟ್ಟಿತು. 2014ರಲ್ಲಿ ಪುಂಡಲೀಕನು ನಿವೃತ್ತನಾದನು. ಪಂಡಿತರಿಗೆ ನಿವೃತ್ತಿಯಿರಲಿಲ್ಲ.

ಎರಡು ವರ್ಷದ ಮೇಲೆ ಅವರ ಒಬ್ಬಳೇ ಮಗಳು ಮಾನಸಿಗೆ ಹೆಣ್ಣುಮಗುವಾಯಿತು. ಮಾನಸಿ, ಅವಳ ಗಂಡ ಯತಿನ್ ಇಬ್ಬರೂ ಕಂಪನಿ ಕೆಲಸದವರು, ಖಾರಘರದಲ್ಲಿ ಗುಡ್ಡ ಕಾಣುವ ಹನ್ನೊಂದನೆಯ ಮಹಡಿಯಲ್ಲಿ ಮನೆ. ಪುಂಡರೀಕಾಕ್ಷರು ಮೊದಲ ಸಲ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಾಗ ಅದು ಅವರ ತೋರುಬೆರಳು ಹಿಡಿದು ಬಿಡಲಿಲ್ಲ. ಇಷ್ಟು ಮಕ್ಕಳಿಗೆ ಹೆಸರಿಟ್ಟವರು ಒಂದು ಮಗುವನ್ನೂ ಹೀಗೆ ಎತ್ತಿಕೊಂಡು ನೋಡಿರಲಿಲ್ಲ. ಅವರಿಗೆ ಎದೆ ತುಂಬಿ ಬಂತು, ನಾಚಿಕೆಯಿಲ್ಲದೆ ಅತ್ತರು.

"ಅಪ್ಪಾ, ಉತ್ತರಾಭಾದ್ರೆ ಥರ್ಡ್ ಪಾದ. ಝ ಬಂದಿದೆ" ಎಂದಳು ಮಾನಸಿ. "ನೀವು ಟೆನ್ಷನ್ ತಗೋಬೇಡಿ. ನಾನು ಆಲ್‌ರೆಡಿ ಹುಡುಕಿ ಇಟ್ಟಿದ್ದೇನೆ. ಝಯಾಲಿ. ಸಂಸ್ಕೃತದಲ್ಲಿ ಮುಂಜಾವಿನ ಮೊದಲ ಬೆಳಕು ಅಂತೆ. ಎಷ್ಟು ಚೆಂದ ಅಲ್ವಾ?"

ಮಡಿಲಲ್ಲಿ ಮಗು ಇರದಿದ್ದರೆ ಅವರು ಎದ್ದು ನಿಂತುಬಿಡುತ್ತಿದ್ದರು. ಇನ್ನೊಬ್ಬರ ಮಕ್ಕಳ ಕೊರಳಿಗೆ ಗಾಜಿನ ಚೂರನ್ನು ವಜ್ರವೆಂದು ಕಟ್ಟುತ್ತ ಬಂದವರಿಗೆ, ಅದೇ ಚೂರು ಈಗ ತಮ್ಮ ರಕ್ತದ ಕೊರಳ ಹತ್ತಿರ ಬಂದದ್ದು ಕಂಡಿತು. ತಮ್ಮ ಮೊಮ್ಮಗಳಿಗೆ ಅರ್ಥವೇ ಇಲ್ಲದ ಹೆಸರು! ಊರಿನ ಮಕ್ಕಳ ವಿಷಯದಲ್ಲಿ ಹನ್ನೊಂದು ವರ್ಷ ನಿದ್ದೆ ಮಾಡುತ್ತಿದ್ದ ಆತ್ಮಸಾಕ್ಷಿ ಅಳಿಯನ ಸೋಫಾದ ಮೇಲೆ ಧಡಕ್ಕನೆ ಎದ್ದು ಕೂತಿತು. ಎಂಥ ಸ್ವಾರ್ಥದ ಆತ್ಮಸಾಕ್ಷಿ ಎಂದರೆ, ಜಯಶೀಲನ ಮಗಳ ನೆನಪು ಅದಕ್ಕೆ ಆಗಲೂ ಬರಲಿಲ್ಲ.

ಮನೆಗೆ ಬಂದವರೇ ಹೆಂಡತಿಯ ಮುಂದೆ ಕೂತರು. "ಝ ಅಕ್ಷರದ್ದು ನಿಜವಾದ ಶಬ್ದ ಕೊಡು ಮಾರಾಯ್ತಿ."

ನಳಿನಾಕ್ಷಮ್ಮ ತೆಂಗಿನಕಾಯಿ ತುರಿಯುತ್ತಿದ್ದರು. "ಝಷ. ಮೀನು."

"ಛೆ!"

"ಝಿಲ್ಲಿಕಾ. ಜೀರುಂಡೆ. ಝಂಝಾ ಅಂದ್ರೆ ಮಳೆಯೊಟ್ಟಿಗೆ ಬೀಸುವ ಬಿರುಗಾಳಿ. ಬೇಕಾದ್ದು ಆರಿಸಿಕೊಳ್ಳಿ."

"ಒಳ್ಳೆ ಅರ್ಥದ್ದು ಒಂದೂ ಇಲ್ವಾ?"

"ಅರ್ಥ ಅಂದ್ರೆ ಇದೇ. ಇದ್ದದ್ದನ್ನು ಇದ್ದ ಹಾಗೆ ಹೇಳುದು. ನಿಮಗೆ ಬೇಕಾದ್ದು ಸರ್ಟಿಫಿಕೇಟು." ತುರಿಯುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು. "ಝರಿ ಉಂಟು. ಬೆಟ್ಟದಿಂದ ಇಳಿಯುವ ತೊರೆ. ಸಂಸ್ಕೃತದಲ್ಲೂ ಉಂಟು, ಕನ್ನಡದಲ್ಲೂ ಉಂಟು. ಆ ಮಗುವಿನ ಮನೆ ಎದುರು ಮಳೆಗಾಲದಲ್ಲಿ ಗುಡ್ಡದಿಂದ ಇಳಿಯುದು ಅದೇ."

ಝರಿ! ಪುಂಡರೀಕಾಕ್ಷರು ಅದನ್ನು ನಾಲ್ಕು ಸಲ ಹೇಳಿ ನೋಡಿದರು. ಇಷ್ಟು ಹಗುರವಾದ ಶಬ್ದವನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಮರುದಿನವೇ ಖಾರಘರಕ್ಕೆ ಓಡಿದರು.

ಮಾನಸಿ ಮುಖ ಸಿಂಡರಿಸಿದಳು. "ಝರಿ? ಅಪ್ಪಾ ಪ್ಲೀಸ್. ಸ್ಕೂಲಲ್ಲಿ ಜರಿ ಸೀರೆ ಬಾರ್ಡರ್ ಅಂತ ಚಿಡಾಯಿಸ್ತಾರೆ. ಝಯಾಲಿಗೆ ಏನಾಗಿದೆ?"

"ಅದು ಶಬ್ದವೇ ಅಲ್ಲ ಮಗಾ. ನಾನೇ ಮಾಡಿದ್ದು. ಟ್ರೇನಿನಲ್ಲಿ."

ಮಾನಸಿ ನಕ್ಕಳು. ಯತಿನ್ ಬಂದು ಮೊಬೈಲು ಮುಂದೆ ಹಿಡಿದ. "ಪಪ್ಪಾ, ಯೇ ದೇಖೋ. ಹದಿನಾಲ್ಕು ಸೈಟಲ್ಲಿ ಸೇಮ್ ಮೀನಿಂಗ್. ಮತ್ತು ಕೆಳಗೆ ನೋಡಿ." ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಮುಂಬಯಿಯ ಸಂಸ್ಕೃತ ವಿದ್ವಾಂಸ ಪಂಡಿತ್ ಪುಂಡರೀಕಾಕ್ಷ ಅವರಿಂದ ಪ್ರಮಾಣಿತ. ಪುಂಡರೀಕಾಕ್ಷರು ತಮ್ಮದೇ ಹೆಸರನ್ನು ಕನ್ನಡಕ ಎತ್ತಿ, ಇಳಿಸಿ ಓದಿದರು. ಹನ್ನೊಂದು ವರ್ಷ ಕಾದ ವೈರಿ ಕೊನೆಗೆ ಎದುರಿಗೆ ಬಂದು ನಿಂತಂತಾಯಿತು.

"ಸುಳ್ಳು ಮಗಾ. ನಾನು ಸುಳ್ಳು ಹೇಳಿದ್ದು."

ಈಗ ಮಾನಸಿಗೆ ನಿಜಕ್ಕೂ ಸಿಟ್ಟು ಬಂತು. "ಜಯಶೀಲ ಅಂಕಲ್ ಮಗಳಿಗೆ ಇಟ್ಟ ಹೆಸರು, ನಮ್ಮ ಮಗುವಿಗೆ ಬೇಡ ಅಂತ ನಿಮಗೆ. ಅಷ್ಟೇ ತಾನೇ? ಅದಕ್ಕೆ ಇಷ್ಟು ನಾಟಕ ಯಾಕೆ? ಸುಳ್ಳಾಗಿದ್ದರೆ ಅಲ್ಲೇ ಮೈಕಲ್ಲಿ ಹೇಳಿ. ನಿಮ್ಮ ಅರ್ಥವಾಚನದಲ್ಲಿ ಎಲ್ಲರ ಮುಂದೆ ಹೇಳಿ, ಝಯಾಲಿಗೆ ಅರ್ಥ ಇಲ್ಲ ಅಂತ. ಆಗ ಝರಿ ಇಡ್ತೇನೆ. ಪ್ರಾಮಿಸ್."

"ಹೇಳ್ತೇನೆ" ಎಂದರು ಪುಂಡರೀಕಾಕ್ಷರು. ಹೇಳುವಾಗ ಅವರು ಅದನ್ನು ಪೂರ್ತಿ ನಂಬಿದ್ದರು. ನಳಿನಾಕ್ಷಮ್ಮನೂ ನಂಬಿದರು. ಮದುವೆಯಾದ ಮೇಲೆ ಮೊದಲ ಸಲ ಗಂಡನ ಪಂಚೆಗೆ ತಾವೇ ಇಸ್ತ್ರಿ ಹಾಕಿದರು.

ನಾಮಕರಣ ಖಾರಘರದ ಒಂದು ಹಾಲ್‌ನಲ್ಲಿ, ಭಾನುವಾರ ಬೆಳಗ್ಗೆ. ಪಂಡಿತರ ಮೊಮ್ಮಗಳ ನಾಮಕರಣವೆಂದು ಡೊಂಬಿವಲಿಯಿಂದ ಎರಡು ಬಸ್ಸು ಮಾಡಿಕೊಂಡು ಜನ ಬಂದಿದ್ದರು. ಅವರು ಹೆಸರಿಟ್ಟ ಮಕ್ಕಳೆಲ್ಲ ಮುಂದಿನ ಸಾಲುಗಳಲ್ಲಿ ಇದ್ದವು. ಠವೀಶನಿಗೆ ಹಲ್ಲು ಬಿದ್ದಿತ್ತು. ಣಮಿತ್ ಬಲೂನಿಗಾಗಿ ಘೃಹಾನನ ಕೂದಲು ಎಳೆಯುತ್ತಿದ್ದ. ತೊಟ್ಟಿಲ ಪಕ್ಕ, ಹೆಸರಿನಕ್ಕ ಎಂಬ ಮರ್ಯಾದೆಗೆ, ಜಯಶೀಲನ ಮಗಳನ್ನು ಕೂರಿಸಿದ್ದರು. ಹನ್ನೊಂದು ವರ್ಷದ ಝಯಾಲಿ ಜರತಾರಿ ಲಂಗ ತೊಟ್ಟು, ಮಗುವಿನ ಕಡೆ ಹೆಮ್ಮೆಯಿಂದ ನೋಡುತ್ತಿದ್ದಳು. ನಳಿನಾಕ್ಷಮ್ಮ ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರ ಹಿಡಿದು ಕಾಯುತ್ತಿದ್ದರು. ಅರ್ಥವಾಚನ ಮುಗಿದ ಮೇಲೆ ಅಕ್ಕಿಯಲ್ಲಿ ಹೆಸರು ಬರೆಯಬೇಕಾದವರು ಅವರೇ.

ಯತಿನ್ ಮೈಕು ತಂದು ಕೊಟ್ಟ.

"ಝಯಾಲಿ ಎಂಬ ಈ ಶಬ್ದ..." ಎಂದರು ಪುಂಡರೀಕಾಕ್ಷರು. ಜಯಶೀಲ ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದ. ಅವನ ಮಗಳು ಕತ್ತು ತಿರುಗಿಸಿ ಮೇಲೆ ನೋಡಿದಳು. ತನ್ನ ಹೆಸರಿನ ಅರ್ಥವನ್ನು ಪಂಡಿತರ ಬಾಯಿಂದಲೇ ಕೇಳುವ ಆಸೆ ಅವಳ ಮುಖದಲ್ಲಿತ್ತು. ಒಂದೇ ವಾಕ್ಯ ಸಾಕಿತ್ತು. ಆ ಒಂದು ವಾಕ್ಯ ಹೇಳಿದರೆ ಈ ಸಾಲುಗಳಲ್ಲಿ ಕೂತ ಅಷ್ಟೂ ಮಕ್ಕಳು ಸಂಜೆಯೊಳಗೆ ತಮ್ಮ ತಮ್ಮ ಶೋಕೇಸಿನಿಂದ ಕಾಗದ ತೆಗೆದು ನೋಡುತ್ತಿದ್ದವು. ಇದನ್ನು ಯೋಚಿಸಿ ಅವರು ಹಿಂಜರಿದಿದ್ದರೆ ಕ್ಷಮಿಸಬಹುದಿತ್ತು. ಆದರೆ ಅವರ ಕಣ್ಣಿಗೆ ಕಟ್ಟಿದ್ದು ಡೊಂಬಿವಲಿ ಸ್ಟೇಷನ್ನು. ಮೆಟ್ಟಿಲು ಇಳಿದರೆ ಯಾರೂ ನಮಸ್ಕಾರ ಹೇಳದ, ಬೇಲಾಪುರದಂಥದೇ ಇನ್ನೊಂದು ಸ್ಟೇಷನ್ನು.

"ಝಯಾಲಿ ಎಂಬ ಈ ಶಬ್ದ ಅತ್ಯಂತ ಪ್ರಾಚೀನವಾದದ್ದು" ಎಂದರು. ಆಮೇಲೆ ತಡೆಯೇ ಇರಲಿಲ್ಲ. "ಝಯ್ ಎಂಬ ಧಾತುವಿನಿಂದ ಹುಟ್ಟಿದ್ದು. ಮುಂಜಾವಿನ ಮೊದಲ ಬೆಳಕು ಎಂದರ್ಥ. ಸರಸ್ವತಿಯ ಸಾವಿರ ನಾಮಗಳಲ್ಲಿ ಇದೂ ಒಂದು." ಧಾತು, ಸರಸ್ವತಿ ಎರಡೂ ಆ ಗಳಿಗೆಯಲ್ಲಿ ಸೇರಿಕೊಂಡವು.

ಚಪ್ಪಾಳೆ ಮುಗಿಯಲು ಬಹಳ ಹೊತ್ತಾಯಿತು. ಜಯಶೀಲ ಕಣ್ಣೊರೆಸಿಕೊಂಡ. ನಳಿನಾಕ್ಷಮ್ಮ ಗಂಡನ ಮುಖವನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ, ಅಕ್ಕಿಯಲ್ಲಿ ಆ ಮೂರಕ್ಷರವನ್ನು ಗುಂಡಗೆ ಬರೆದರು. ಮಾನಸಿ ಅಪ್ಪನ ಕಾಲು ಮುಟ್ಟಿ, "ಎಷ್ಟು ಹೆದರಿಸಿದ್ರಿ ಅಪ್ಪಾ, ಜೋಕ್ ಮಾಡ್ಲಿಕ್ಕೂ ಒಂದು ಲಿಮಿಟ್ ಇದೆ" ಎಂದಳು. ಊಟಕ್ಕೆ ಎಲೆ ಬಿತ್ತು. ಹೋಳಿಗೆ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಹಿಂತಿರುಗುವಾಗ ಬಸ್ಸು ಮುಂಬ್ರಾ ಹತ್ತಿರ ಬಂದಾಗ ನಳಿನಾಕ್ಷಮ್ಮ ಹೇಳಿದರು: "ಇಷ್ಟು ವರ್ಷ ನಿಮ್ಮ ಸುಳ್ಳು ಕೇಳಿ ನನಗೆ ನಗು ಬರ್ತಿತ್ತು. ಇವತ್ತು ಬರ್ಲಿಲ್ಲ. ನನಗೆ ನಿಮ್ಮ ಬಗ್ಗೆ ನಾಚಿಕೆ ಆಯ್ತು."

ಆ ದಿನದಿಂದ ಪುಂಡರೀಕಾಕ್ಷರು ಹೊಸ ಹೆಸರು ಕೊಡುವುದನ್ನು ಬಿಟ್ಟರು. ಕೇಳಿಕೊಂಡು ಬಂದವರಿಗೆ ಕಣ್ಣಿನ ಪೊರೆಯ ಕಾರಣ ಹೇಳಿದರು. ಪಂಡಿತರ ವಿನಯ ದೊಡ್ಡದೆಂದು ಜನ ಇನ್ನಷ್ಟು ಬಾಗಿ ನಮಸ್ಕರಿಸಿದರು. ಆ ನಮಸ್ಕಾರವನ್ನು ಬೇಡವೆನ್ನುವ ಧೈರ್ಯವೂ ಅವರಿಗೆ ಬರಲಿಲ್ಲ.

ಮೊಮ್ಮಗಳು ಬೆಳೆದಳು. ರಜೆಗೆ ಡೊಂಬಿವಲಿಗೆ ಬರುತ್ತಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಅಜ್ಜ ಅವಳನ್ನು ಪುಟ್ಟಿ ಎಂದರು, ಚಿನ್ನ ಎಂದರು, ಬಂಗಾರಿ ಎಂದರು, ಏನೂ ತೋಚದಿದ್ದರೆ ಓಯ್ ಎಂದರು. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ಬಾಯಿ ತೆರೆದರೆ ಆ ಹಾಲ್, ಆ ಮೈಕು, ಹರಿವಾಣದ ಮುಂದೆ ಕೂತ ಹೆಂಡತಿಯ ಮುಖ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

2019ರ ಬೇಸಿಗೆಯಲ್ಲಿ ಮೂರು ವರ್ಷದ ಆ ಮಗು ಅವರ ತೊಡೆಯ ಮೇಲೆ ಹತ್ತಿ ಕೂತು, ನಿಜವಾದ ಹೆಸರು ಹಿಡಿದೇ ಕರೆಯಬೇಕೆಂದು ಹಟ ಹಿಡಿಯಿತು. "ಅಜ್ಜಾ, ಮೇರಾ ನಾಮ್ ಬೋಲೋ."

"ಪುಟ್ಟಿ."

"ನಹೀ, ಸಚ್ಚೀವಾಲಾ ನಾಮ್. ಬೋಲೋ ನಾ!"

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮಗು ಇಷ್ಟಗಲ ಕಣ್ಣು ಬಿಟ್ಟು ಅವರ ತುಟಿಯನ್ನೇ ನೋಡುತ್ತಿತ್ತು. ಕಾದು ಕಾದು ಬೇಸತ್ತು ಅದು ತೊಡೆಯಿಂದ ಜಾರಿ, ಅಡುಗೆಮನೆಗೆ ಓಡಿ, ಮನೆಯೆಲ್ಲ ಕೇಳುವಂತೆ ದೂರು ಹೇಳಿತು: "ಅಜ್ಜೀ, ಅಜ್ಜ ಕೋ ಮೇರಾ ನಾಮ್ ಮಾಲೂಮ್ ಹೀ ನಹೀ!"

ಒಳಗೆ ಸೌಟಿನ ಸದ್ದು ನಿಂತಿತು. "ಗೊತ್ತುಂಟು ಮಗಾ" ಎಂದರು ನಳಿನಾಕ್ಷಮ್ಮ. "ಅದು ಎಂತ ಹೆಸರು ಅಂತ ಊರಿಗೇ ಗೊತ್ತಿಲ್ಲ. ಅವರೊಬ್ಬರಿಗೇ ಸರಿಯಾಗಿ ಗೊತ್ತಿರುದು."